ಕಸದ ಡಬ್ಬಿ ಬಡಿದ ಊರಿನಿಂದ

ಅಮೆರಿಕದ ಟೆಕ್ಸಸ್‌ನಲ್ಲಿರುವ ಶುಗರ್ ಲ್ಯಾಂಡ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಒಂದು ಬೇಸ್‌ಬಾಲ್ ಮೈದಾನ ಸಿಗುತ್ತದೆ. ಅಲ್ಲಿ ಆಡುವುದು ಸ್ಪೇಸ್ ಕೌಬಾಯ್ಸ್ ಎಂಬ ತಂಡ. ಹ್ಯೂಸ್ಟನ್ ಆಸ್ಟ್ರೋಸ್ ಅಂತ ಹೆಸರು ಕೇಳಿರಬಹುದು, ಇಲ್ಲಿನ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ತಂಡ. ಅದಕ್ಕೆ ಇದು ಒಂದು ಮೆಟ್ಟಿಲು ಕೆಳಗಿನ ತಂಡ. ಟ್ರಿಪಲ್-ಎ ಅನ್ನುತ್ತಾರೆ. ಹ್ಯೂಸ್ಟನ್ ಪೇಟೆಯ ಮಧ್ಯದಲ್ಲಿರುವ ದೊಡ್ಡ ಸ್ಟೇಡಿಯಂ ಇಲ್ಲಿಂದ ಸುಮಾರು 35 ಕಿಲೋಮೀಟರ್. ಕೆಲವು ಆಟಗಾರರ ಇಡೀ ಬದುಕು ಆ 35 ಕಿಲೋಮೀಟರ್‌ನಲ್ಲಿ ಹೋಗಿ ಬರುವುದರಲ್ಲೇ ಕಳೆಯುತ್ತದೆ.

ದಾವಣಗೆರೆಯಲ್ಲಿರುವ ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ನನಗೆ ವರ್ಷಗಳೇ ಬೇಕಾದವು. ಅಪ್ಪ ರಣಜಿ ಟ್ರೋಫಿಯ ಸ್ಕೋರ್‌ಕಾರ್ಡ್ ಓದದೆ ಕಾಫಿ ಕುಡಿದವರಲ್ಲ. "ಟೀಮ್ ಸೆಲೆಕ್ಷನ್ ಅಂದ್ರೆ ಸೀರೀಸಿಗೆ ಒಂದು ಸಲ ಮಾಡ್ತಾರೆ, ಅಲ್ವಾ?" ಅಂತ ಅವರ ಪ್ರಶ್ನೆ. ಇಲ್ಲಿ ಹಾಗಲ್ಲ. ಆರು ತಿಂಗಳಲ್ಲಿ 162 ಪಂದ್ಯ. ತಂಡದಲ್ಲಿ ಜಾಗ 26 ಜನಕ್ಕೆ. 2020ಕ್ಕಿಂತ ಮೊದಲು 25 ಇತ್ತು. ಅದರ ಹಿಂದೆ 40 ಜನರ ಇನ್ನೊಂದು ಪಟ್ಟಿ. ಆ 40ರಲ್ಲಿ ಇದ್ದು 26ರಲ್ಲಿ ಇಲ್ಲದವರು ಕೆಳಗಿನ ತಂಡಗಳಲ್ಲಿ ಆಡುತ್ತಾ ಫೋನ್ ಕಾಯುತ್ತಾರೆ. ನಿನ್ನೆ ಸಂಜೆ ನಮ್ಮೂರಿನಲ್ಲಿ ಬಾಲ್ ಎಸೆದವನನ್ನು ಇವತ್ತು ಟೀವಿಯಲ್ಲಿ ನೋಡಬಹುದು. ನಾಡಿದ್ದು ಅವನೇ ಮತ್ತೆ ಇಲ್ಲಿ ಕೂತಿರಬಹುದು.

ಹೀಗೆ ಕೆಳಗೆ ಕಳಿಸುವುದಕ್ಕೆ 'ಆಪ್ಷನ್' ಎನ್ನುತ್ತಾರೆ. ಒಬ್ಬ ಆಟಗಾರನನ್ನು ಸಾಮಾನ್ಯವಾಗಿ ಮೂರು ಸೀಸನ್‌ಗಳಲ್ಲಿ ಮಾತ್ರ ಹಾಗೆ ಕಳಿಸಬಹುದು. ಒಂದು ಸೀಸನ್‌ನಲ್ಲಿ ಎಷ್ಟು ಸಲ ಬೇಕಾದರೂ ಕಳಿಸಬಹುದಿತ್ತು. 2022ರಿಂದ ಐದು ಸಲ ಅಂತ ಮಿತಿ ಹಾಕಿದ್ದಾರೆ. ಐದು ಅಂದರೂ ಜಾಸ್ತಿಯೇ, ಬಾಡಿಗೆ ಮನೆ ಹುಡುಕುವವನಿಗೆ ಗೊತ್ತು. ಆಪ್ಷನ್ ಮುಗಿದ ಮೇಲೆ ಡಿಎಫ್ಎ ಅನ್ನುವ ಮೂರಕ್ಷರ ಬರುತ್ತದೆ. ಅಂದರೆ 40ರ ಪಟ್ಟಿಯಿಂದಲೇ ಹೆಸರು ತೆಗೆದರು, ಒಂದು ವಾರದಲ್ಲಿ ಅವನನ್ನು ಮಾರಬೇಕು, ಬೇರೆ ತಂಡದ ಮುಂದೆ ಇಡಬೇಕು, ಇಲ್ಲವೇ ಬಿಟ್ಟು ಕಳಿಸಬೇಕು. 2023ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,20,000 ಡಾಲರ್. ಅದೇ ವರ್ಷ ಟ್ರಿಪಲ್-ಎ ಕನಿಷ್ಠ 35,800. ನಡುವೆ 20 ಪಟ್ಟು ವ್ಯತ್ಯಾಸ.

ಇಷ್ಟು ಹೇಳಿದ ಮೇಲೆ ಕಸದ ಡಬ್ಬಿಯ ಕಥೆಗೆ ಬರುತ್ತೇನೆ.

2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಬಂತು. ಹ್ಯೂಸ್ಟನ್ ಮುಳುಗಿತು. ನಮ್ಮ ಬೀದಿಯ ತುದಿಯವರೆಗೆ ನೀರು ಬಂದು ನಿಂತಿತು. ಎರಡು ಕುಟುಂಬಗಳು ನಮ್ಮ ಹಾಲ್‌ನಲ್ಲಿ ಮಲಗಿದ್ದವು, ನಾಲ್ಕು ದಿನ ಅನ್ನ, ಸಾರು, ಉಪ್ಪಿನಕಾಯಿ. ಅದಾಗಿ ಎರಡೇ ತಿಂಗಳಿಗೆ ಆಸ್ಟ್ರೋಸ್ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆದ್ದಿತು. ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್, ಏಳನೇ ಪಂದ್ಯದವರೆಗೂ ಹೋಯಿತು. ತಂಡಕ್ಕೆ ಅದು ಮೊದಲ ಕಪ್. ಮೆರವಣಿಗೆಯ ದಿನ ಹ್ಯೂಸ್ಟನ್‌ನ ಶಾಲೆಗಳಿಗೆ ರಜೆ ಕೊಟ್ಟರು. ಬೇಸ್‌ಬಾಲ್ ಗಂಧಗಾಳಿ ಗೊತ್ತಿಲ್ಲದ ನನ್ನ ಹೆಂಡತಿ ಕಿತ್ತಳೆ ಟೀ ಶರ್ಟ್ ಹಾಕಿಕೊಂಡು ಬಂದಳು. ಬಂದು ಮೂರು ವರ್ಷವಾಗಿತ್ತು ನಮಗೆ. ಇದು ನಮ್ಮೂರು ಅಂತ ಅನ್ನಿಸಿದ್ದು ಅವತ್ತೇ ಮೊದಲು.

2019ರ ನವೆಂಬರ್‌ನಲ್ಲಿ ಸುದ್ದಿ ಒಡೆಯಿತು. ಆಸ್ಟ್ರೋಸ್ 2017ರಲ್ಲಿ ತಮ್ಮ ಮೈದಾನದಲ್ಲಿ ಮೋಸ ಮಾಡಿತ್ತು.

ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಪಿಚರ್ ಅಂದರೆ ಬೌಲರ್. ಕ್ಯಾಚರ್ ಕೂತ ಕಡೆಯಿಂದಲೇ ಬೆರಳಿನಲ್ಲಿ ಪಿಚರ್‌ಗೆ ಸನ್ನೆ ಮಾಡುತ್ತಿದ್ದ. ಮುಂದಿನ ಎಸೆತ ವೇಗದ್ದಾ, ತಿರುವಿನದ್ದಾ ಅಂತ. ಪಿಚರ್‌ನ ಬೆನ್ನ ಹಿಂದಿನ ಎರಡನೇ ಬೇಸ್‌ಗೆ ಓಡಿ ಬಂದು ನಿಂತ ಎದುರಾಳಿ ಅದನ್ನು ಕಣ್ಣಲ್ಲೇ ಓದಿ ತನ್ನ ಬ್ಯಾಟರ್‌ಗೆ ತಿಳಿಸಿದರೆ ತಪ್ಪಲ್ಲ, ಅದು ಜಾಣತನ. ಕ್ಯಾಮೆರಾ ಇಟ್ಟು ಓದಿದರೆ ಮೋಸ. ಆಸ್ಟ್ರೋಸ್‌ನವರು ಮೈದಾನದ ಆಚೆ ತುದಿಯ ಕ್ಯಾಮೆರಾದ ಚಿತ್ರವನ್ನು ಡಗೌಟ್ ಹಿಂದಿನ ಟೀವಿಗೆ ತಂದರು. ಅಲ್ಲಿ ನಿಂತವನು ಸನ್ನೆ ನೋಡಿ ಕಸದ ಡಬ್ಬಿಯನ್ನು ಬ್ಯಾಟಿನಿಂದ ಬಡಿಯುತ್ತಿದ್ದ. ಸದ್ದು ಬಂದರೆ ನಿಧಾನದ ಎಸೆತ. ಸದ್ದಿಲ್ಲ ಅಂದರೆ ಫಾಸ್ಟ್‌ಬಾಲ್. ಇಷ್ಟು ಟೆಕ್ನಾಲಜಿ ಇಟ್ಟುಕೊಂಡು ಕೊನೆಗೆ ಊರಲ್ಲಿ ಡಂಗುರ ಸಾರಿದ ಹಾಗೆ! ಅಪ್ಪ ಫೋನಿನಲ್ಲಿ ಐದು ನಿಮಿಷ ನಕ್ಕರು. ಆ ವರ್ಷ ನಾನೂ ಮೂರು ಪಂದ್ಯಕ್ಕೆ ಹೋಗಿದ್ದೆ. ಯಾವ ಸದ್ದೂ ಕೇಳಿದ ನೆನಪಿಲ್ಲ. ನಾಚೋಸ್ ತಿನ್ನುತ್ತಿದ್ದೆ ಅಂತ ಕಾಣುತ್ತದೆ.

ನಮ್ಮ ಕಡೆಯೂ ಅದೇ ತಿಂಗಳು ಕೆಪಿಎಲ್ ಫಿಕ್ಸಿಂಗ್ ವಿಷಯದಲ್ಲಿ ಬೆಂಗಳೂರಿನ ಸಿಸಿಬಿ ಆಟಗಾರರನ್ನು ಬಂಧಿಸುತ್ತಿತ್ತು. ಹಾಗಾಗಿ ಆಫೀಸಿನಲ್ಲಿ ಯಾರಾದರೂ "ನಿಮ್ಮ ಕ್ರಿಕೆಟ್‌ನಲ್ಲಿ ಹೀಗೆಲ್ಲ ಇಲ್ಲ, ಅಲ್ಲವೇ" ಅಂದಾಗ ಸುಮ್ನೆ ಕಾಫಿ ಕಪ್ ತೊಳೆದೆ.

ಟೋನಿ ಆಡಮ್ಸ್ ಅಂತ ಒಬ್ಬ ಆಸ್ಟ್ರೋಸ್ ಅಭಿಮಾನಿ ಇದ್ದಾನೆ. ತಂಡ ಹೀಗೆ ಮಾಡಿತಲ್ಲ ಅಂತ ನೊಂದವನು ಆ ವರ್ಷದ 58 ತವರು ಪಂದ್ಯಗಳ ವಿಡಿಯೋ ಹಾಕಿಕೊಂಡು ಕೂತ. 8,274 ಎಸೆತ ಕೇಳಿದ. 1,143ರಲ್ಲಿ ಡಬ್ಬಿ ಸದ್ದು ಸಿಕ್ಕಿತು. ಪ್ರೀತಿಸುವವನು ಮಾತ್ರ ಮಾಡಬಲ್ಲ ಕೆಲಸ ಅದು. ಅವನ ಲೆಕ್ಕದಲ್ಲಿ ಅತಿ ಹೆಚ್ಚು ಡಬ್ಬಿ ಬಡಿದದ್ದು ಆಗಸ್ಟ್ 4ರಂದು, ಟೊರೊಂಟೊ ಬ್ಲೂ ಜೇಸ್ ವಿರುದ್ಧ.

ಅವತ್ತು ಟೊರೊಂಟೊ ಪರವಾಗಿ ಮಧ್ಯದಲ್ಲಿ ಎಸೆಯಲು ಬಂದವನು ಮೈಕ್ ಬೋಲ್ಸಿಂಗರ್. 29 ಎಸೆತ ಎಸೆದ. ಔಟ್ ಆದದ್ದು ಒಬ್ಬ. ನಾಲ್ಕು ಹಿಟ್, ಮೂರು ವಾಕ್ (ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ನಾಲ್ಕು ರನ್. ಆಸ್ಟ್ರೋಸ್ 16-7ರಲ್ಲಿ ಗೆದ್ದಿತು. ಪಂದ್ಯ ಮುಗಿದ ಮೇಲೆ ಅವನನ್ನು ಟ್ರಿಪಲ್-ಎಗೆ ಕಳಿಸಿದರು. ಮತ್ತೆ ಯಾವತ್ತೂ ಅವನು ಮೇಜರ್ ಲೀಗ್‌ನಲ್ಲಿ ಬಾಲ್ ಹಿಡಿಯಲಿಲ್ಲ.

ಆ ಸೀಸನ್ ಅವನದ್ದು ಮೊದಲಿಂದಲೂ ಅಷ್ಟಕ್ಕಷ್ಟೇ. ಡಬ್ಬಿ ಬಡಿಯದಿದ್ದರೂ ಒಂದು ದಿನ ಕೆಳಗೆ ಹೋಗುತ್ತಿದ್ದನೋ ಏನೋ. ಆದರೆ 25ನೇ ಜಾಗದಲ್ಲಿ ಇರುವವನಿಗೆ ಒಂದು ರಾತ್ರಿ ಅಂದರೆ ಒಂದು ರಾತ್ರಿಯಲ್ಲ. ತಂಡದ ಸ್ಟಾರ್ ಹೀಗೆ ಹೊಡೆಸಿಕೊಂಡರೆ "ಇವತ್ತು ಸರಿಯಿಲ್ಲ" ಅನ್ನುತ್ತಾರೆ. ಇವನು ಹೊಡೆಸಿಕೊಂಡರೆ "ಇವನೇ ಸರಿಯಿಲ್ಲ" ಅನ್ನುತ್ತಾರೆ.

ಮೋಸ ಮಾಡಿದವರಿಗೆ ಏನಾಯಿತು? 2020ರ ಜನವರಿಯಲ್ಲಿ ಮೇಜರ್ ಲೀಗ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತೀರ್ಪು ಕೊಟ್ಟ. 50 ಲಕ್ಷ ಡಾಲರ್ ದಂಡ, ನಿಯಮದಲ್ಲಿ ಅದೇ ಗರಿಷ್ಠ. ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎರಡು ವರ್ಷ ಮೊದಲ ಎರಡು ಸುತ್ತಿನ ಆಯ್ಕೆ ಇಲ್ಲ. ಮ್ಯಾನೇಜರ್ (ನಮ್ಮ ಕೋಚ್ ಇದ್ದ ಹಾಗೆ) ಎ.ಜೆ. ಹಿಂಚ್, ಜನರಲ್ ಮ್ಯಾನೇಜರ್ ಜೆಫ್ ಲುನೊ ಒಂದು ವರ್ಷ ಹೊರಗೆ. ಮಾಲೀಕ ಅವತ್ತೇ ಇಬ್ಬರನ್ನೂ ಕೆಲಸದಿಂದ ತೆಗೆದ. ಒಬ್ಬನೇ ಒಬ್ಬ ಆಟಗಾರನಿಗೆ ಒಂದೇ ಒಂದು ಪಂದ್ಯದ ನಿಷೇಧ ಇಲ್ಲ. ನಿಜ ಹೇಳಿದರೆ ಶಿಕ್ಷೆ ಇಲ್ಲ ಅಂತ ಮಾತು ಕೊಟ್ಟು ವಿಚಾರಣೆ ಮಾಡಿದ್ದರು. ಹಿಂಚ್ 2021ಕ್ಕೆ ಡೆಟ್ರಾಯ್ಟ್ ತಂಡದ ಮ್ಯಾನೇಜರ್ ಆದ. ಕಪ್ ಇಲ್ಲೇ ಇದೆ.

ಗುಟ್ಟು ಬಿಟ್ಟುಕೊಟ್ಟವನ ಕಥೆಯೂ ತಂಡದ ಪಟ್ಟಿಯ ಕಥೆಯೇ. ಮೈಕ್ ಫೈಯರ್ಸ್ 2017ರಲ್ಲಿ ಆಸ್ಟ್ರೋಸ್‌ನ ಪಿಚರ್. ಆದರೆ ಪ್ಲೇಆಫ್ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಸೀಸನ್ ಮುಗಿದ ಮೇಲೆ ತಂಡ ಅವನನ್ನು ಬಿಟ್ಟಿತು. ಹೊಟ್ಟೆಕಿಚ್ಚಿಗೆ ಹೇಳಿದ ಅಂತ ಇಲ್ಲಿ ಈಗಲೂ ಅನ್ನುವವರಿದ್ದಾರೆ. ಇರಲಿ, ಹೇಳಿದ್ದು ಸುಳ್ಳಲ್ಲವಲ್ಲ. 2021ರ ನಂತರ ಅವನೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ವಯಸ್ಸು 36 ಆಗಿತ್ತು ನಿಜ.

ಈಗ ಸನ್ನೆ ಕದಿಯುವುದು ಕಷ್ಟ. 2022ರಿಂದ ಕ್ಯಾಚರ್ ಬಟನ್ ಒತ್ತಿದರೆ ಪಿಚರ್‌ನ ಟೋಪಿಯಲ್ಲೇ ಮಾತು ಕೇಳಿಸುತ್ತದೆ. ಪಿಚರ್‌ಗಳು ಬೆರಳಿಗೆ ಅಂಟು ಹಚ್ಚಿಕೊಂಡು ಬಾಲ್ ತಿರುಗಿಸುವುದರ ಮೇಲೂ 2021ರ ಜೂನ್‌ನಿಂದ ಕಣ್ಣಿಟ್ಟಿದ್ದಾರೆ. ಸಿಕ್ಕಿಬಿದ್ದರೆ ಹತ್ತು ಪಂದ್ಯ ಹೊರಗೆ. ನನಗೆ ಇಷ್ಟವಾದದ್ದು ಆ ನಿಯಮದ ಬಾಲ. ಅವನ ಬದಲಿಗೆ ಇನ್ನೊಬ್ಬನನ್ನು ಕರೆಸುವ ಹಾಗಿಲ್ಲ, ಹತ್ತೂ ಪಂದ್ಯ 25 ಜನರಲ್ಲೇ ನಡೆಸಬೇಕು. 2023ರಲ್ಲಿ ಮ್ಯಾಕ್ಸ್ ಶೆರ್ಜರ್‌ನಂಥ ದೊಡ್ಡ ಪಿಚರ್‌ಗೂ ಬಿತ್ತು ಆ ಶಿಕ್ಷೆ. ಬರೀ ಬೆವರು ಮತ್ತು ಹಿಡಿತಕ್ಕೆ ಹಚ್ಚುವ ರೋಸಿನ್ ಪುಡಿ ಅಂತ ಅವನು ವಾದಿಸಿದ. ದುಡ್ಡಿನ ದಂಡಕ್ಕಿಂತ ತಂಡಗಳಿಗೆ ಇದು ಜಾಸ್ತಿ ಉರಿಯುತ್ತದೆ. ಜಾಗದ ಬೆಲೆ ಅವರಿಗೆ ಗೊತ್ತು.

ಬೋಲ್ಸಿಂಗರ್ 2020ರಲ್ಲಿ ಆಸ್ಟ್ರೋಸ್ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಕೇಸ್ ಹಾಕಿದ. ಆಟಗಾರರಿಗೆ ಸಿಕ್ಕ ಪ್ಲೇಆಫ್ ಬೋನಸ್ ಹಣ ಮಕ್ಕಳ ಒಳಿತಿಗೆ ಹೋಗಲಿ ಅಂತಲೂ ಕೇಳಿದ್ದ. ಅಲ್ಲಿನ ಕೋರ್ಟ್ ಕೇಸ್ ವಜಾ ಮಾಡಿತು.

ಹೋದ ಭಾನುವಾರ ಅಪ್ಪ ಫೋನ್ ಮಾಡಿದಾಗ ನಾನು ಇದೇ ಶುಗರ್ ಲ್ಯಾಂಡ್ ಮೈದಾನದಲ್ಲಿ ಮಗಳ ಜೊತೆ ಕೂತಿದ್ದೆ. ಹಿಂದಿನ ದಿನ ಮೇಲಿಂದ ಇಳಿದು ಬಂದ ಒಬ್ಬ ಹುಡುಗ ಎಸೆಯುತ್ತಿದ್ದ. ಅಪ್ಪ ಕಪ್ ಬಗ್ಗೆ ಕೇಳಲಿಲ್ಲ.

"ಆ ಡಬ್ಬಿ ಹೊಡೆಸಿಕೊಂಡ ಬೌಲರ್ ಏನಾದ?"

"ಜಪಾನ್‌ಗೆ ಹೋದ ಅಪ್ಪಾ. ಮರುವರ್ಷವೇ. ಚಿಬಾ ಲೊಟ್ಟೆ ಅನ್ನೋ ತಂಡ. ಅವನ ಲೆಕ್ಕಕ್ಕೆ 13 ಗೆಲುವು, 2 ಸೋಲು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಹಂಗಾದ್ರೆ ಅವನಿಗೆ ಬೌಲಿಂಗ್ ಬರ್ತಿತ್ತು," ಅಂದರು.