ಟೆರೇಸ್ ಮೇಲಿನ ಲೆಕ್ಕ

ಇವತ್ತು ಏಳನೇ ಕ್ಲಾಸಿನ ಮಕ್ಕಳ ಕೈಗೆ ಟೇಪ್ ಕೊಟ್ಟು ಟೆರೇಸಿಗೆ ಹತ್ತಿಸಿದೆ. ಒಂದು ಮಳೆಗೆ ಇಲ್ಲಿ ಎಷ್ಟು ನೀರು ಬೀಳುತ್ತೆ?

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್. ಇದನ್ನ ನಾನು ಹೇಳಲಿಲ್ಲ. ಸೀಮೆಸುಣ್ಣದಲ್ಲಿ ಚೌಕ ಬರೆದು, ಸೆಂಟಿಮೀಟರ್ ಲೆಕ್ಕದಲ್ಲಿ 100 ಇಂಟು 100 ಇಂಟು 0.1 ಅಂತ ಗುಣಿಸಿ, 1,000 ಘನ ಸೆಂಟಿಮೀಟರ್ ಅಂದ್ರೆ ಒಂದು ಲೀಟರ್ ಅಂತ ಅವರೇ ಕಂಡುಕೊಂಡರು. ದಶಮಾಂಶ ಬಿಂದು ಎಲ್ಲಿಡಬೇಕು ಅಂತ ಜಗಳ ಬೇರೆ! ಆ ಜಗಳ ಬೋರ್ಡ್ ಮುಂದೆ ಯಾವತ್ತೂ ಹುಟ್ಟಲ್ಲ.

ನಮ್ಮ ಬೆಂಗಳೂರಿನ 30 ಇಂಟು 40 ಅಡಿ ಸೈಟು ಸುಮಾರು 111 ಚದರ ಮೀಟರ್. ಅಷ್ಟಗಲಕ್ಕೆ 10 ಮಿಲಿಮೀಟರ್ ಮಳೆ ಬಿದ್ದರೆ 1,110 ಲೀಟರ್.

"ಮಿಸ್, ಹಂಗಾದ್ರೆ ಬೇಸಿಗೇಲಿ ಟ್ಯಾಂಕರ್ ಯಾಕೆ ತರಿಸ್ತೀವಿ?" ಕೇಳಿದ್ದು ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ. ನಾಳೆ ಎಲ್ಲರೂ ಮನೆ ಸಂಪು ಅಳೆದು ತರ್ತಾರೆ.