ವಂಶವೃಕ್ಷದ ಫೈಲು ದೊಡ್ಡದಾದ ಮೇಲೆ ಸಾಫ್ಟ್‌ವೇರ್ ತೆವಳುತ್ತಿದೆಯೇ?

ವಂಶಾವಳಿಯ ಫೈಲು 50,000 ಹೆಸರು ದಾಟಿ, ಒಂದೊಂದು ಕ್ಲಿಕ್ಕಿಗೂ ಕಾಯುವ ಹಾಗಾದಾಗ ತಂದೆ ಕಡೆಯದು ಬೇರೆ, ತಾಯಿ ಕಡೆಯದು ಬೇರೆ ಎಂದು ಫೈಲನ್ನು ಒಡೆಯುವ ಯೋಚನೆ ಬರುತ್ತದೆ. ದಯವಿಟ್ಟು ಒಡೆಯಬೇಡಿ. ಎರಡೂ ಕಡೆಗೆ ಸೇರಿದವರಿಗೆ ಎರಡೆರಡು ದಾಖಲೆ ಹುಟ್ಟುತ್ತದೆ, ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಅಷ್ಟಕ್ಕೂ ಡೇಟಾಬೇಸ್‌ಗೆ 50,000 ದೊಡ್ಡ ಸಂಖ್ಯೆಯೇ ಅಲ್ಲ. ತೊಡಕು ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ.

ಮೊದಲು ನೋಡಬೇಕಾದ್ದು ಫೈಲು ಇರುವ ಜಾಗ. ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ನಂಥ ಸಿಂಕ್ ಫೋಲ್ಡರಿನಲ್ಲಿದ್ದರೆ ಪ್ರತಿ ಬದಲಾವಣೆಯ ಬೆನ್ನಿಗೇ ಸಿಂಕ್ ಪ್ರೋಗ್ರಾಂ ಅದೇ ಫೈಲಿಗೆ ಕೈಹಾಕುತ್ತದೆ. ವೇಗ ಕುಸಿಯುವುದಷ್ಟೇ ಅಲ್ಲ, ಡೇಟಾಬೇಸ್ ಕೆಡಲೂಬಹುದು. ನೆಟ್‌ವರ್ಕ್ ಡ್ರೈವ್ ಕೂಡ ಬೇಡ. ಕೆಲಸದ ಫೈಲು ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿರಲಿ, ಕ್ಲೌಡಿಗೆ ಬ್ಯಾಕಪ್ ಮಾತ್ರ ಹೋಗಲಿ. ಹಳೆಯ ಹಾರ್ಡ್ ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಹಾಕಿದರೆ ಸಿಗುವಷ್ಟು ಲಾಭ ಹೊಸ ಪ್ರೊಸೆಸರ್‌ನಿಂದ ಸಿಗುವುದು ಅಪರೂಪ, ಏಕೆಂದರೆ ಇಲ್ಲಿನ ಕೆಲಸ ಬಹುಪಾಲು ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದುವುದು.

ಎರಡನೆಯದು ಚಿತ್ರಗಳು. ಎ4 ಹಾಳೆಯನ್ನು 600 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 4960 × 7016 ಪಿಕ್ಸೆಲ್. ಜೆಪೆಗ್ ಆಗಿ ಡಿಸ್ಕಿನಲ್ಲಿ ಕೆಲವೇ ಎಂಬಿ ಇದ್ದರೂ, ಪೂರ್ತಿ ಬಿಚ್ಚಿದಾಗ ಮೆಮೊರಿಯಲ್ಲಿ 100 ಎಂಬಿ ಮೀರುತ್ತದೆ. ಮೂಲ ಸ್ಕ್ಯಾನನ್ನು ಬೇರೆ ಫೋಲ್ಡರಿನಲ್ಲಿ ಜೋಪಾನವಾಗಿಟ್ಟು, ಉದ್ದದ ಬದಿ 2000 ಪಿಕ್ಸೆಲ್ ಇರುವ ಪ್ರತಿಯನ್ನು ವೃಕ್ಷಕ್ಕೆ ಜೋಡಿಸಿ.

ಪರದೆಯ ಮೇಲೆ ಏನೇನು ತೆರೆದಿದೆ ಎಂಬುದೂ ಮುಖ್ಯ. ವ್ಯಕ್ತಿ ಬದಲಾದಾಗಲೆಲ್ಲ ಪಕ್ಕದ ಪಟ್ಟಿಯ ಪ್ರತಿ ಕಿಟಕಿಯೂ ಮತ್ತೆ ಲೆಕ್ಕ ಹಾಕುತ್ತದೆ. ಗ್ರಾಂಪ್ಸ್ ಎಂಬ ವಂಶವೃಕ್ಷ ಸಾಫ್ಟ್‌ವೇರಿನಲ್ಲಿ ಈ ಕಿಟಕಿಗಳಿಗೆ ಗ್ರಾಂಪ್ಲೆಟ್ ಎಂದು ಹೆಸರು; ಬೇಡದವನ್ನು ಮುಚ್ಚಿ. ಆನ್‌ಲೈನ್ ಸುಳಿವು ಹುಡುಕುವ ಸೌಲಭ್ಯ ಬೇಕಾದಾಗ ಮಾತ್ರ ಚಾಲೂ ಮಾಡಿ. 'ನನಗೆ ಏನಾಗಬೇಕು' ಎಂದು ಪ್ರತಿಯೊಬ್ಬರ ಸಂಬಂಧ ತೋರಿಸುವ ಆಯ್ಕೆ ಇನ್ನೂ ಭಾರ: ನೆಂಟಸ್ತಿಕೆಯೊಳಗೇ ಮದುವೆಗಳಾದ ಮನೆತನಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹತ್ತಾರು ದಾರಿಗಳಿರುತ್ತವೆ.

ಇಷ್ಟಾದ ಮೇಲೆ ಡೇಟಾಬೇಸ್ ದುರಸ್ತಿ. ಬ್ಯಾಕಪ್ ತೆಗೆಯದೆ ಇದಕ್ಕೆ ಕೈಹಾಕಬೇಡಿ. ರೂಟ್ಸ್‌ಮ್ಯಾಜಿಕ್ ಎಂಬ ಇನ್ನೊಂದು ವಂಶವೃಕ್ಷ ಸಾಫ್ಟ್‌ವೇರಿನ ಡೇಟಾಬೇಸ್ ಟೂಲ್ಸ್‌ನಲ್ಲಿ ಮೊದಲು ಸಮಗ್ರತೆ ಪರೀಕ್ಷೆ, ಆಮೇಲೆ ಇಂಡೆಕ್ಸ್ ಮರುನಿರ್ಮಾಣ, ಬಳಿಕ ಫ್ಯಾಂಟಮ್ ದಾಖಲೆಗಳ (ಯಾವುದಕ್ಕೂ ಜೋಡಣೆಯಿಲ್ಲದೆ ಉಳಿದವುಗಳ) ಸ್ವಚ್ಛತೆ, ಕೊನೆಗೆ ಕಾಂಪ್ಯಾಕ್ಟ್. ಪರೀಕ್ಷೆಯಲ್ಲೇ ದೋಷ ಕಂಡರೆ ಅಲ್ಲಿಗೇ ನಿಲ್ಲಿಸಿ, ಹಳೆಯ ಬ್ಯಾಕಪ್ ತೆರೆದು ನೋಡಿ. ದಾಖಲೆ ಅಳಿಸಿದರೂ ಅದರ ಜಾಗ ಫೈಲಿನೊಳಗೆ ಖಾಲಿಯಾಗಿ ಉಳಿಯುತ್ತದೆ, ಕಾಂಪ್ಯಾಕ್ಟ್ ಅದನ್ನು ತೆಗೆಯುತ್ತದೆ. ಅದಕ್ಕಾಗಿ ಫೈಲನ್ನು ಹೊಸದಾಗಿ ಬರೆಯುವುದರಿಂದ ಫೈಲಿನ ಎರಡು ಪಟ್ಟು ಜಾಗ ಡಿಸ್ಕಿನಲ್ಲಿ ಖಾಲಿ ಇರಲಿ.

ಗ್ರಾಂಪ್ಸ್‌ನ ಹಳೆಯ ವೃಕ್ಷ ಇನ್ನೂ ಬಿಎಸ್‌ಡಿಡಿಬಿ ಎಂಬ ಹಳೆಯ ಬಗೆಯ ಡೇಟಾಬೇಸ್‌ನಲ್ಲಿದ್ದರೆ, ಗ್ರಾಂಪ್ಸ್ ಎಕ್ಸ್‌ಎಂಎಲ್ ಆಗಿ ರಫ್ತು ಮಾಡಿ, ಹೊಸ ಎಸ್‌ಕ್ಯೂಲೈಟ್ ವೃಕ್ಷಕ್ಕೆ ಆಮದು ಮಾಡಿಕೊಳ್ಳಿ. ವಂಶವೃಕ್ಷ ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸುವ ಸಾಮಾನ್ಯ ಫೈಲ್ ರೂಪವಾದ ಗೆಡ್‌ಕಾಮ್ ಮೂಲಕ ಈ ಕೆಲಸ ಬೇಡ; ಆ ಸಾಫ್ಟ್‌ವೇರಿಗೇ ವಿಶಿಷ್ಟವಾದ ಮಾಹಿತಿ ಅದರಲ್ಲಿ ಉದುರಿಹೋಗುತ್ತದೆ. ಆಮದಾದ ಮೇಲೆ ವ್ಯಕ್ತಿ, ಕುಟುಂಬ, ಆಕರ, ಚಿತ್ರಗಳ ಸಂಖ್ಯೆಯನ್ನು ಹಳೆಯದರ ಜೊತೆ ತಾಳೆ ನೋಡಿ.

ನಕಲು ಹೆಸರುಗಳ ಹುಡುಕಾಟ ಮಾತ್ರ ಏನು ಮಾಡಿದರೂ ನಿಧಾನವೇ. 50,000 ಜನರನ್ನು ಒಬ್ಬೊಬ್ಬರಿಗೂ ಹೋಲಿಸಿದರೆ ಸುಮಾರು 125 ಕೋಟಿ ಜೋಡಿಗಳಾಗುತ್ತವೆ. ಸಾಫ್ಟ್‌ವೇರಿನಲ್ಲಿ ಸೌಲಭ್ಯವಿದ್ದರೆ ಒಂದು ಮನೆತನದ ಹೆಸರಿಗೋ, ಇಪ್ಪತ್ತು ವರ್ಷಗಳ ಅವಧಿಗೋ ಸೀಮಿತಗೊಳಿಸಿ ಹುಡುಕಿ. ಇಲ್ಲದಿದ್ದರೆ ರಾತ್ರಿ ಹಚ್ಚಿಟ್ಟು ಮಲಗಿ; ಕಂಪ್ಯೂಟರ್ ನಡುವೆ ಸ್ಲೀಪ್‌ಗೆ ಹೋಗದಂತೆ ಮೊದಲೇ ಸೆಟ್ಟಿಂಗ್ ಬದಲಿಸಿರಿ.