ಸುಮ್ನೆ ಪುಸ್ತಕದಲ್ಲಿ ಬರ್ಕೊಳ್ಳಕ್ಕಾಗುತ್ತಾ ಸರ್?

ಈ ವಾರ ನಮ್ಮಲ್ಲಿ ಜಾವಾ ಪ್ರೋಗ್ರಾಮಿಂಗ್ ಲ್ಯಾಬ್ ಎಕ್ಸಾಮ್. ನಾನು ಇಂಟರ್ನಲ್ ಪರೀಕ್ಷಕ, ಹೊರಗಿನ ಕಾಲೇಜಿನಿಂದ ಬಂದವರೊಬ್ಬರು ಎಕ್ಸ್‌ಟರ್ನಲ್. ಹೊಳೆನರಸೀಪುರ ಕಡೆಯ ಒಬ್ಬ ಹುಡುಗಿಗೆ ಚೀಟಿಯಲ್ಲಿ ಬ್ಯಾಂಕ್ ಅಕೌಂಟ್ ಪ್ರೋಗ್ರಾಂ ಬಂತು. ಓಓಪಿ, ಅಂದರೆ ಡೇಟಾವನ್ನೂ ಅದನ್ನು ನಿಭಾಯಿಸುವ ಕೋಡನ್ನೂ ಒಟ್ಟಿಗೆ ಕಟ್ಟುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಕಲಿಯುವವರು ಯಾರಾದರೂ ಇದನ್ನು ಬರೆಯದೆ ದಾಟಿದ್ದಾರಾ? ಹೊರಗಿನ ಕೋಡ್ ನೇರವಾಗಿ ಮುಟ್ಟದ ಹಾಗೆ ಬ್ಯಾಲೆನ್ಸ್ ಪ್ರೈವೇಟ್ ಮಾಡು, ಡೆಪಾಸಿಟ್, ವಿತ್‌ಡ್ರಾ ಬರಿ, ನೋಡೋಕೆ ಗೆಟರ್, ಬದಲಿಸೋಕೆ ಸೆಟರ್ ಹಾಕು, ಮುಗೀತು.

ಅವಳು ಸೆಟರ್ ಹಾಕಿರಲಿಲ್ಲ.

ಎಕ್ಸ್‌ಟರ್ನಲ್ ಒಮ್ಮೆ ಸ್ಕ್ರೀನ್ ನೋಡಿದರು, ಒಮ್ಮೆ ಲ್ಯಾಬ್ ಪ್ರೋಗ್ರಾಂ ಬರೆದಿಟ್ಟ ರೆಕಾರ್ಡ್ ಬುಕ್ ನೋಡಿದರು. ‘ಸೆಟ್‌ಬ್ಯಾಲೆನ್ಸ್ ಎಲ್ಲಮ್ಮಾ? ರೆಕಾರ್ಡಲ್ಲಿದೆ, ಇಲ್ಲಿ ಇಲ್ವಲ್ಲ?’

‘ಬೇಕಂತಲೇ ಬಿಟ್ಟೆ ಸರ್. ಡೇರಿಗೆ ಹಾಲು ಹಾಕಿದ್ರೆ ತಾನೇ ಲೀಟರ್ ಏರೋದು? ಸುಮ್ನೆ ಪುಸ್ತಕದಲ್ಲಿ ಬರ್ಕೊಳ್ಳಕ್ಕಾಗುತ್ತಾ?’

‘ಅದೆಲ್ಲ ಬೇಡ. ಎನ್‌ಕ್ಯಾಪ್ಸುಲೇಷನ್ ಡೆಫಿನಿಷನ್ ಹೇಳು.’

ಡೇಟಾವನ್ನು ಒಳಗಿಟ್ಟು, ಗೊತ್ತುಮಾಡಿದ ದಾರಿಯಲ್ಲಿ ಮಾತ್ರ ಮುಟ್ಟಲು ಬಿಡುವುದೇ ಎನ್‌ಕ್ಯಾಪ್ಸುಲೇಷನ್. ಅವಳಿಗೆ ಡೆಫಿನಿಷನ್ ಬರಲಿಲ್ಲ. ಇಂಗ್ಲಿಷಲ್ಲಿ ಶುರು ಮಾಡಿ ಅರ್ಧಕ್ಕೇ ತಡವರಿಸಿದಳು. ಪಕ್ಕದ ಹುಡುಗನಿಗೂ ಅದೇ ಪ್ರೋಗ್ರಾಂ ಬಂದಿತ್ತು. ಅವನು ಒಂದೇ ಉಸಿರಿಗೆ ಡೆಫಿನಿಷನ್ ಒಪ್ಪಿಸಿ ‘ಗುಡ್’ ಅನ್ನಿಸಿಕೊಂಡ. ಅವನ ಬ್ಯಾಲೆನ್ಸ್ ಹೆಸರಿಗೆ ಪ್ರೈವೇಟ್. ಕೆಳಗೇ ಪಬ್ಲಿಕ್ ಸೆಟರ್ ಇತ್ತು, ಯಾರು ಬೇಕಾದರೂ ಬಂದು ಮೈನಸ್ 9000 ಅಂತ ತುಂಬಿ ಹೋಗಬಹುದಿತ್ತು.

ಅವತ್ತಿನಿಂದ ತಲೆಯಲ್ಲಿ ಅವಳ ಮಾತೇ ಓಡುತ್ತಿದೆ. ಸುಮ್ನೆ ಪುಸ್ತಕದಲ್ಲಿ ಬರ್ಕೊಳ್ಳಕ್ಕಾಗುತ್ತಾ? ನಮ್ಮ ಜಿಲ್ಲೆಯ ಯಾವ ಹಳ್ಳಿಯ ಹಾಲಿನ ಸೊಸೈಟಿಗೆ ಬೇಕಾದರೂ ಹೋಗಿ ನೋಡಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತು, ಹಾಲು ಅಳೆಸಿ, ಫ್ಯಾಟ್ ನೋಡಿಸಿದ ಮೇಲೇ ಎಂಟ್ರಿ ಬೀಳುವುದು. ಎಷ್ಟಾಗಿದೆ ಅಂತ ನಾವು ನೋಡಬಹುದು, ತಿದ್ದುವ ಹಾಗಿಲ್ಲ. ಗೆಟರ್ ಇದೆ, ಸೆಟರ್ ಇಲ್ಲ. ಇದಕ್ಕಿಂತ ಚೆನ್ನಾಗಿ ಎನ್‌ಕ್ಯಾಪ್ಸುಲೇಷನ್ ವಿವರಿಸಿದ ಪಠ್ಯಪುಸ್ತಕ ನಾನಂತೂ ನೋಡಿಲ್ಲ.

ಸೆಟರ್ ಅಂದರೇ ತಪ್ಪು ಅನ್ನುತ್ತಿಲ್ಲ. ಗಿರಾಕಿಯ ವಿಳಾಸ ಬದಲಾಗುತ್ತೆ, ಫೋನ್ ನಂಬರ್ ಬದಲಾಗುತ್ತೆ, ಅದಕ್ಕೆ ಬೇಕು. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಯೋಚಿಸುವುದೇ ಈ ಕೋರ್ಸಿನ ಜೀವ. ಕೋಡ್ ಬರೆಯುವ ಎಕ್ಲಿಪ್ಸ್ ಸಾಫ್ಟ್‌ವೇರಿನಲ್ಲಿ ಬ್ಯಾಲೆನ್ಸ್, ವಿಳಾಸದಂಥ ಎಲ್ಲ ಫೀಲ್ಡಿಗೂ ಒಟ್ಟಿಗೇ ಗೆಟರ್ ಸೆಟರ್ ಬರಿಸಿಕೊಳ್ಳುವ ಮೆನು ಇದೆ, ನಮ್ಮ ಮಕ್ಕಳು ಯೋಚನೆಗಿಂತ ಮೊದಲು ಕಲಿಯುವುದು ಅದನ್ನು.

ಎಕ್ಸಾಮ್ ಮುಗಿದ ಮೇಲೆ ಅವಳ ಕೋಡ್ ಓದುತ್ತಾ ಕೂತೆ. ವಿತ್‌ಡ್ರಾದಲ್ಲಿ ಒಂದು ಸಾಲು ಜಾಸ್ತಿ ಇತ್ತು: ಮೊತ್ತ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಾಪಸ್ ಕಳಿಸು. ರೆಕಾರ್ಡಿನ ಪ್ರೋಗ್ರಾಂ ನೋಡುವುದು ಬ್ಯಾಲೆನ್ಸಿಗಿಂತ ಜಾಸ್ತಿ ಕೇಳುತ್ತಿದ್ದಾರಾ ಅನ್ನುವುದೊಂದನ್ನೇ. ಅಕೌಂಟಲ್ಲಿ 1000 ಇಟ್ಟು ಮೈನಸ್ 500 ವಿತ್‌ಡ್ರಾ ಮಾಡಿ. ಮೈನಸ್ 500 ಸಾವಿರಕ್ಕಿಂತ ಕಡಿಮೆಯೇ, ಹಾಗಾಗಿ ಪಾಸ್. 1000ದಲ್ಲಿ ಮೈನಸ್ 500 ಕಳೆದರೆ 1500. ತೆಗೆದಷ್ಟೂ ದುಡ್ಡು ಏರುವ ಬ್ಯಾಂಕು! ವರ್ಷ ವರ್ಷ ಮಕ್ಕಳು ಇದನ್ನೇ ಕೈನೋವು ಬರುವ ಹಾಗೆ ಬರೆದು ಸೀಲು ಹಾಕಿಸಿಕೊಳ್ಳುತ್ತಾರೆ.

ಎಕ್ಸ್‌ಟರ್ನಲ್ ಕೆಟ್ಟವರಲ್ಲ. ಎರಡು ಬ್ಯಾಚ್ ಮುಗಿಸಿ ಸಂಜೆ ಬಸ್ಸು ಹಿಡಿಯಬೇಕಿತ್ತು ಪಾಪ. ಆದರೆ ಆ ‘ಅದೆಲ್ಲ ಬೇಡ’ ಇದೆಯಲ್ಲ, ಅದು ನನಗೆ ಸರಿಬರಲಿಲ್ಲ. ಊಟಕ್ಕೆ ಕೂತಾಗ ಹೇಳಿಯೂ ಹೇಳಿದೆ. ‘ನಿಮ್ಮ ಮಾತು ಒಪ್ತೀನಿ ಸರ್, ಆದ್ರೆ ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ’ ಅಂದರು. ಬಿಡುವುದು ಅಂದರೇನು, ಅವಳೇನು ಕಾಪಿ ಹೊಡೆದಿದ್ದಳಾ? ಕೊನೆಗೆ ಪ್ರೋಗ್ರಾಂಗೆ ಪೂರ್ತಿ ಮಾರ್ಕ್ಸ್ ಕೊಟ್ಟು ವೈವಾದಲ್ಲಿ ಕತ್ತರಿಸಿದರು.

ಈ ಓಓಪಿ ಡೆಫಿನಿಷನ್ ಉರು ಹೊಡೆಸಲು ಹುಟ್ಟಿದ್ದಲ್ಲ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಕ್ರಿಸ್ಟೆನ್ ನೈಗಾರ್ಡ್, ಓಲೆ-ಯೋಹಾನ್ ದಾಲ್ ಅನ್ನುವ ಇಬ್ಬರು ಹೊರಗೆ ನಡೆಯುವ ಕೆಲಸಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡಬೇಕು ಅಂತ ಸಿಮ್ಯುಲಾ ಭಾಷೆ ಮಾಡಿದರು. ಕ್ಲಾಸ್ ಅನ್ನುವ ಅಚ್ಚು, ಅದರಿಂದ ತೆಗೆದ ಆಬ್ಜೆಕ್ಟ್, ಒಂದು ಕ್ಲಾಸಿನ ಗುಣ ಇನ್ನೊಂದಕ್ಕೆ ಬರುವ ಇನ್‌ಹೆರಿಟೆನ್ಸ್ ಎಲ್ಲ ಸಿಮ್ಯುಲಾ 67ರಲ್ಲೇ ಬಂದವು. ಕೇಂಬ್ರಿಜ್‌ನಲ್ಲಿ ಪಿಎಚ್‌ಡಿಗೆ ಅದನ್ನು ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಕ್ಲಾಸ್ ಸೇರಿಸಲು ಶುರು ಮಾಡಿದರು, ಅದೇ ಮುಂದೆ ಸಿ++ ಆಯಿತು. ಜಾವಾ ಬಂದದ್ದು 1995ರಲ್ಲಿ. ಮೊದಲು ಹೊರಗಿನ ಕೆಲಸ ನೋಡು, ಆಮೇಲೆ ಕೋಡ್ ಬರಿ. ಡೇರಿ ನೋಡಿ ಬೆಳೆದ ಹುಡುಗಿ ಮಾಡಿದ್ದೂ ಅದನ್ನೇ. ನಾವು ಅವಳನ್ನು ತಡೆದು, ಓಓಪಿಯ ನಾಲ್ಕು ಪಿಲ್ಲರ್ ಹೇಳಮ್ಮಾ ಅನ್ನುತ್ತೇವೆ.

ಮುಂದಿನ ಬ್ಯಾಚಿಗಾದರೂ ಇರಲಿ ಅಂತ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಆ ಪ್ರೋಗ್ರಾಂ ತಿದ್ದಿದೆ. ಸೆಟರ್ ತೆಗೆದೆ, ಅವಳ ಸಾಲು ಸೇರಿಸಿದೆ. ಎಚ್‌ಓಡಿ ತಕರಾರು ಮಾಡದೆ ಸಹಿ ಹಾಕಿದರು, ಆಶ್ಚರ್ಯ. ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಕೊಡಲು ಹೋದರೆ ಅವನು ಕಪಾಟಿನ ಕಡೆ ಕೈ ತೋರಿಸಿದ. ‘ಹಳೇದೇ ಆಗಲೇ ಸ್ಪೈರಲ್ ಹಾಕಿ ಇಟ್ಟಿದ್ದೀನಲ್ಲ ಸರ್. ಅದು ಖಾಲಿಯಾಗ್ಲಿ, ಆಮೇಲೆ ನಿಮ್ದು ಹೊಡೀತೀನಿ.’